ಆಮೇಲೆ ತಿಳಿಸಲಾಗುವುದು

"ಸ್ವಲ್ಪ ಬೇಗ ಸುತ್ತಿಬಿಡಿ ಸಿಸ್ಟರ್. ನಾಲ್ಕು ಗಂಟೆಗೆ ನಾನು ಒಬ್ಬ ಹುಡುಗಿಯನ್ನ ನೋಡೋಕೆ ಹೋಗಬೇಕು."

ಬ್ಯಾಂಡೇಜ್ ಸುತ್ತುತ್ತಿದ್ದ ಅವಳ ಕೈ ನಿಲ್ಲಲಿಲ್ಲ. ಕಣ್ಣು ಮಾತ್ರ ಒಮ್ಮೆ ಗೋಡೆಯ ಗಡಿಯಾರದ ಕಡೆ ಹೋಗಿ ಬಂತು. ಮೂರೂ ಇಪ್ಪತ್ತು.

ಬೆಳಗಿನಿಂದ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನಿಂತೂ ನಿಂತೂ ಅವಳ ಕಾಲು ಸೋತುಹೋಗಿದ್ದವು. ಬಲ ಅಂಗೈಗೆ ಐದು ಹೊಲಿಗೆ ಹಾಕಿಸಿಕೊಂಡು ಕೂತ ಈ ಮನುಷ್ಯನಿಗೆ ಮಾತ್ರ ನೋವಿಗಿಂತ ಅವಸರವೇ ಹೆಚ್ಚಾಗಿತ್ತು.

"ಈ ಕೈ ಇಟ್ಟುಕೊಂಡು ಹುಡುಗಿ ನೋಡೋಕೆ ಹೋಗ್ತೀರಾ?"

"ಕೈ ಯಾರು ನೋಡ್ತಾರೆ ಸಿಸ್ಟರ್? ಮುಖ ನೋಡ್ತಾರೆ."

"ಮುಖದ ಸ್ಥಿತಿ ಇನ್ನೂ ಕಷ್ಟ ಇದೆ. ಗ್ರೀಸ್ ಮೆತ್ತಿದೆ."

ಅವನು ಗಾಬರಿಯಾಗಿ ಎಡಗೈಯಿಂದ ಕೆನ್ನೆ ಒರೆಸಿಕೊಂಡ. ಕೆನ್ನೆಯಲ್ಲಿದ್ದದ್ದು ಮೂಗಿನವರೆಗೂ ಹರಡಿತು. ಅವಳು ತುಟಿ ಕಚ್ಚಿ ನಗು ತಡೆದುಕೊಂಡಳು.

"ಏನು ಕೆಲಸ ನಿಮ್ಮದು?"

"ಎಲೆಕ್ಟ್ರಿಕಲ್ ಮೇಷ್ಟ್ರು. ಟೆಕ್ನಿಕಲ್ ಶಾಲೆಯಲ್ಲಿ."

ಈಗ ಅವಳ ಕೈ ನಿಂತಿತು.

ಅವಳಿಗೂ ಆ ಸಂಜೆ ಚರ್ಚಿನ ಹಿಂದಿನ ಕೋಣೆಗೆ ಹೋಗಬೇಕಿತ್ತು. ಪಾದ್ರಿಗಳ ಹೆಂಡತಿ ಒಂದು ವಾರದಿಂದ ಬೆನ್ನುಬಿದ್ದಿದ್ದರು. ಹುಡುಗ ಎಲೆಕ್ಟ್ರಿಕಲ್ ಮೇಷ್ಟ್ರು, ತುಂಬಾ ಜೋಪಾನದ ಮನುಷ್ಯ, ಒಮ್ಮೆ ನೋಡಮ್ಮ ಎಂದು.

ಜೋಪಾನದ ಮನುಷ್ಯ... ಐದು ಹೊಲಿಗೆ!

"ಕೈ ಕೊಯ್ದಿದ್ದು ಹೇಗೆ?"

"ಚರ್ಚಿನ ಹಿಂದಿನ ಕೋಣೆಯ ಫ್ಯಾನ್ ಸದ್ದು ಮಾಡ್ತಿತ್ತು. ಬರೋ ಹುಡುಗಿ ಮಾತಾಡಿದ್ದು ನನಗೆ ಕೇಳಿಸಬೇಕಲ್ಲ. ಸರಿ ಮಾಡೋಣ ಅಂತ ಏಣಿ ಹತ್ತಿದೆ."

"ಸ್ವಿಚ್ ಆಫ್ ಮಾಡದೇನೇ?"

"ಮಾಡಿದ್ದೆ. ಫ್ಯಾನ್ ಪೂರ್ತಿ ನಿಲ್ಲೋವರೆಗೂ ಕಾಯಲಿಲ್ಲ, ಅಷ್ಟೇ."

ಅವಳು ಟೇಪ್ ಹರಿದು ಅಂಟಿಸಿ, ಕತ್ತರಿಯನ್ನು ಟ್ರೇಯಲ್ಲಿಟ್ಟಳು.

"ನಾಲ್ಕಕ್ಕೇ ಹೋಗಿ ಪ್ರಯೋಜನ ಇಲ್ಲ. ಹುಡುಗಿ ನಾಲ್ಕೂವರೆಗೆ ಬರ್ತಾಳೆ."

"ನಿಮಗೆ ಹೇಗೆ ಗೊತ್ತು?"

"ಡ್ಯೂಟಿ ಮುಗಿಯೋದೇ ನಾಲ್ಕಕ್ಕೆ. ಯೂನಿಫಾರ್ಮ್ ಬದಲಿಸಬೇಕು, ಮುಖ ತೊಳೀಬೇಕು. ನೀವೂ ತೊಳ್ಕೊಂಡು ಬನ್ನಿ."

ಅವನ ಮುಖ ಬ್ಯಾಂಡೇಜಿಗಿಂತ ಬೆಳ್ಳಗಾಯಿತು.

ನಾಲ್ಕೂವರೆಗೆ ಆ ಕೋಣೆಯಲ್ಲಿ ಫ್ಯಾನ್ ಇರಲಿಲ್ಲ. ಅದರ ರೆಕ್ಕೆಗಳು ಮೂಲೆಯಲ್ಲಿ ಗೋಡೆಗೆ ಒರಗಿದ್ದವು. ಸೆಕೆಯಲ್ಲಿ ಬೆವರುತ್ತಾ ಅವನು ತನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಿದ. ಚರ್ಚಿನ ಸಂಘದವರು ಹೊರದೇಶದ ಕ್ಯಾಂಪಸ್ಸುಗಳಿಗೆ ಸ್ವಯಂಸೇವಕರನ್ನು ಕಳಿಸುತ್ತಾರೆ. ಮನೆ ಬಿಟ್ಟು ದೂರ ಬಂದು ಓದುವ ವಿದ್ಯಾರ್ಥಿಗಳ ಕಷ್ಟಸುಖ ನೋಡಿಕೊಳ್ಳುವ ಸೇವೆ. ಸಂಬಳ ಇಲ್ಲ. ಎರಡು ವರ್ಷ. ಹೋಗುವವರು ಗಂಡ ಹೆಂಡತಿಯೇ ಆಗಿರಬೇಕು.

"ಅರ್ಜಿ ಹಾಕೋ ಯೋಚನೆ ಇದೆ," ಎಂದ. "ನಿಮಗೆ ಒಪ್ಪಿಗೆ ಆದ್ರೆ."

ಅವಳು ಹನ್ನೊಂದು ಪ್ರಶ್ನೆ ಕೇಳಿದಳು. ಅಲ್ಲಿ ಕೆಲಸ ಏನು, ಕಾಯಿಲೆಯಾದ ವಿದ್ಯಾರ್ಥಿಗಳನ್ನು ಯಾರು ನೋಡುತ್ತಾರೆ, ಚಳಿ ಎಷ್ಟು, ನಿಮಗೆ ಅಡುಗೆ ಬರುತ್ತಾ... ಕೊನೆಯದಕ್ಕೆ ಅವನು ಕೊಟ್ಟ ಉತ್ತರ ಕೇಳಿ ಅವಳಿಗೆ ನಗು ಬಂದುಬಿಟ್ಟಿತು. ಹನ್ನೆರಡನೇ ಪ್ರಶ್ನೆ ಮರೆತೇಹೋಯಿತು.

"ಅರ್ಜಿ ಹಾಕೋಣ. ಇಬ್ಬರೂ ಸೇರಿ," ಎಂದಳು.

ಇಬ್ಬರೂ ಸೇರಿ. ಆ ಎರಡು ಮಾತನ್ನು ಅವಳು ಮದುವೆಯ ಉಂಗುರದಷ್ಟೇ ಜತನವಾಗಿ ಇಟ್ಟುಕೊಂಡಳು. ಯಾರೋ ಎಳೆದುಕೊಂಡು ಹೋದ ಹೆಂಡತಿ ತಾನಲ್ಲ, ಜೊತೆಗೆ ಹೊರಟವಳು ಎಂಬ ಹೆಮ್ಮೆ ಅವಳದು.

* * *

ಕ್ಯಾಂಪಸ್ಸಿನಲ್ಲಿ ಅವರಿಗೆ ಸಿಕ್ಕಿದ್ದು ಗ್ರಂಥಾಲಯದ ಪಕ್ಕದ ನೆಲಮಹಡಿಯ ಒಂದು ಉದ್ದನೆಯ ಕೋಣೆ. ಎರಡು ಗೋಡೆಗೂ ಕಪಾಟು. ಓದು ಮುಗಿಸಿ ಹೋಗುವ ವಿದ್ಯಾರ್ಥಿಗಳು ಬಿಟ್ಟುಹೋದ ಕಂಬಳಿ, ಬಾಣಲೆ, ಟೇಬಲ್ ದೀಪ, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲ್ ಎಲ್ಲ ಅಲ್ಲಿ ಬಂದು ಸೇರುತ್ತಿದ್ದವು. ಹೊಸದಾಗಿ ಬಂದವರು ಚೀಟಿ ಬರೆದು ಎರವಲು ಒಯ್ಯುತ್ತಿದ್ದರು.

ಕರೆಂಟಿನ ಸಾಮಾನೆಲ್ಲ ಅವನ ಪಾಲು. ಒಂದೊಂದನ್ನೂ ಬಿಚ್ಚಿ, ರಿಪೇರಿ ಮಾಡಿ, ಪರೀಕ್ಷಿಸಿ, ಹಸಿರು ಚುಕ್ಕೆ ಅಂಟಿಸಿ ಕಪಾಟಿಗೆ ಏರಿಸುತ್ತಿದ್ದ. ಮಿಕ್ಕದ್ದೆಲ್ಲ ಅವಳದು. ಯಾರಿಗೆ ಜ್ವರ, ಯಾರು ಎರಡು ದಿನದಿಂದ ಕೋಣೆ ಬಿಟ್ಟು ಹೊರಗೆ ಬಂದಿಲ್ಲ, ಯಾರ ಮುಖ ಸಪ್ಪಗಿದೆ ಎಂಬುದು ಅವಳಿಗೆ ವಾಸನೆಯಲ್ಲೇ ಗೊತ್ತಾಗುತ್ತಿತ್ತು.

ಶನಿವಾರ ಮಧ್ಯಾಹ್ನ ಚಹಾ. ಆಮೇಲೆ ಅರ್ಧ ಗಂಟೆ ಪ್ರಾರ್ಥನೆ. ಇಷ್ಟವಿದ್ದವರು ಉಳಿಯಬಹುದು, ಇಲ್ಲದವರು ಲೋಟ ತೊಳೆದಿಟ್ಟು ಹೋಗಬಹುದು.

"ಕಂಬಳಿ ಕೊಟ್ಟು ಪ್ರಾರ್ಥನೆಗೆ ಕರೀಬೇಡಿ," ಎಂದು ಮೊದಲ ದಿನವೇ ಹೇಳಿದ್ದರು ದೊಡ್ಡಮ್ಮ. "ಕಂಬಳಿ ಕಂಬಳಿಗೇ. ಬರೋರು ತಾವಾಗಿ ಬರಲಿ."

ಈ ದೊಡ್ಡಮ್ಮ ಸಂಘದ ಮೇಲ್ವಿಚಾರಕಿ. ನಮ್ಮವರೇ. ನಲವತ್ತು ವರ್ಷದ ಹಿಂದೆ ಈ ದೇಶಕ್ಕೆ ಬಂದು, ಇದೇ ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಕನ್ನಡವನ್ನೂ ನಿಯಮಗಳನ್ನೂ ಒಂದಿಷ್ಟೂ ಸಡಿಲ ಬಿಟ್ಟವರಲ್ಲ.

ಗಂಡನಿಗೆ ಒಂದು ಅಭ್ಯಾಸ ಮಾತ್ರ ಬಿಡಲಿಲ್ಲ. ತುರ್ತು ವಿಭಾಗದಲ್ಲಿ ಬಾಯಿಗೆ ಬಂದ 'ಸಿಸ್ಟರ್' ಅಲ್ಲೇ ಕೂತುಬಿಟ್ಟಿತ್ತು. ಮದುವೆಯಾದ ಮೇಲೂ ಬಹುವಚನ, ಮದುವೆಯಾದ ಮೇಲೂ ಸಿಸ್ಟರ್! ಮೊದಮೊದಲು ವಿದ್ಯಾರ್ಥಿಗಳು ಇವರನ್ನು ಅಣ್ಣ ತಂಗಿ ಎಂದೇ ತಿಳಿದಿದ್ದರು.

"ನಿಮ್ಮ ಅಣ್ಣನಿಗೆ ಮದುವೆ ಆಗಿದೆಯಾ?" ಎಂದು ಸಂಶೋಧನೆ ಮಾಡುತ್ತಿದ್ದ ಕನ್ನಡಕದ ಹುಡುಗಿ ಒಂದು ದಿನ ಕೇಳಿಯೇಬಿಟ್ಟಳು.

"ಆಗಿದೆ. ನನಗೇ ಕೊಟ್ಟಿದ್ದಾರೆ," ಎಂದಳು ಇವಳು.

ಇವರು ಬಂದ ಆರನೇ ತಿಂಗಳಲ್ಲಿ ಅದೇ ಕನ್ನಡಕದ ಹುಡುಗಿಗೆ ಹೊಟ್ಟೆಯ ಆಪರೇಷನ್ ಆಯಿತು. ಮೂರು ದಿನ ಇವಳು ಆಸ್ಪತ್ರೆಯಲ್ಲಿ ಅವಳ ಮಂಚದ ಪಕ್ಕ ಕೂತಳು. ಮೂರೂ ಮಧ್ಯಾಹ್ನ ಅವನು ಫ್ಲಾಸ್ಕಿನಲ್ಲಿ ಗಂಜಿ ತಂದ. ಮನೆಗೆ ಯಾವಾಗ ಬರುತ್ತೀರಿ ಎಂದು ಒಮ್ಮೆಯೂ ಕೇಳಲಿಲ್ಲ. ಮೂರನೇ ದಿನ ಮಾತ್ರ ಸುಮ್ಮನಿರಲಾಗದೆ, ಮಿಣಮಿಣ ಎನ್ನುತ್ತಿದ್ದ ವಾರ್ಡಿನ ದೀಪವನ್ನು ಬಿಚ್ಚಿ ಕೂತು, ಹೆಡ್ ನರ್ಸ್ ಕೈಯಲ್ಲಿ ಬೈಸಿಕೊಂಡ.

ತಲೆ ತಗ್ಗಿಸಿ ಬೈಸಿಕೊಳ್ಳುತ್ತಿದ್ದ ಅವನನ್ನು ಬಾಗಿಲಿನಿಂದ ನೋಡುತ್ತಾ ಅವಳ ಎದೆ ಧಸಕ್ಕೆಂದಿತು.

'ಅಯ್ಯೋ... ಈ ಮನುಷ್ಯ ನನಗೆ ಇಷ್ಟ ಆಗಿಬಿಟ್ಟಿದ್ದಾನಲ್ಲ.'

ಮದುವೆಯಾಗಿ ಎಂಟು ತಿಂಗಳ ಮೇಲೆ ಹೆಂಡತಿಯೊಬ್ಬಳು ಹೀಗೆ ಬೆಚ್ಚಿಬೀಳುವುದು ನಗುವ ವಿಷಯವೇ. ಅವಳಿಗೂ ನಗು ಬಂತು. ಶನಿವಾರ ಚಹಾ ಮುಗಿದ ಮೇಲೆ ಹೇಳಿಬಿಡಬೇಕು ಎಂದು ನಿರ್ಧರಿಸಿದಳು. ಹೇಳಬೇಕಾದದ್ದನ್ನು ಮುಚ್ಚಿಟ್ಟುಕೊಂಡು ಕೊರಗುವ ಜಾಯಮಾನ ಅವಳದಲ್ಲ.

ಆದರೆ ಶುಕ್ರವಾರ ವಿಮೆಯ ಕಾಗದ ಬೇಕಾಗಿ ದೊಡ್ಡಮ್ಮನ ಕಚೇರಿಗೆ ಹೋದಳು.

"ಆ ಹಸಿರು ಫೈಲ್ ತಗೋಮ್ಮ. ನಿಮ್ಮಿಬ್ಬರದ್ದೂ ಅದರಲ್ಲೇ ಇದೆ," ಎಂದು ದೊಡ್ಡಮ್ಮ ಫೋನಿನಲ್ಲಿ ಮಾತು ಮುಂದುವರಿಸಿದರು.

ವಿಮೆಯ ಕಾಗದ ಮೇಲೆಯೇ ಇತ್ತು. ಮದುವೆಯಾದ ಮೇಲೆ ಅವಳು ಸಹಿ ಹಾಕಿದ್ದ ಹಾಳೆಗೂ ಅಡಿಯಲ್ಲಿ, ಎಲ್ಲಕ್ಕಿಂತ ಕೆಳಗೆ, ಊರಿನ ಸಂಘದ ಕಚೇರಿಯಲ್ಲಿ ತುಂಬಿದ ಅರ್ಜಿ. ಅವನ ದುಂಡು ಅಕ್ಷರ. ಅವಳು ಪ್ರೀತಿಯಿಂದಲೇ ಓದಲು ಶುರುಮಾಡಿದಳು.

ತಾರೀಖು ನೋಡಿದಳು. ಮತ್ತೆ ನೋಡಿದಳು.

ಅವನ ಕೈಗೆ ಹೊಲಿಗೆ ಬಿದ್ದ ದಿನಕ್ಕಿಂತ ಐದು ತಿಂಗಳು ಹಿಂದಿನದು.

'ಪತ್ನಿಯ ಹೆಸರು' ಎಂಬ ಸಾಲಿನ ಮುಂದೆ ಪೆನ್ಸಿಲಿನಲ್ಲಿ ಸಣ್ಣಗೆ ಬರೆದಿತ್ತು... 'ಆಮೇಲೆ ತಿಳಿಸಲಾಗುವುದು.'

ಅವಳು ಆ ಹಾಳೆಯ ಒಂದು ನಕಲು ತೆಗೆದುಕೊಂಡು, ಫೈಲನ್ನು ಇದ್ದ ಜಾಗದಲ್ಲೇ ಇಟ್ಟು ಹೊರಬಂದಳು.

'ಹಾಗಾದರೆ ನನ್ನನ್ನು ನೋಡೋಕೆ ಬರಲಿಲ್ಲ. ಖಾಲಿ ಬಿಟ್ಟ ಒಂದು ಸಾಲಿಗೆ ಹೆಸರು ಹುಡುಕೋಕೆ ಬಂದಿದ್ದ. ಆ ಕೋಣೆಗೆ ನಾನಲ್ಲ, ಬೇರೆ ಯಾರು ಬಂದಿದ್ದರೂ ನಡೀತಿತ್ತು!'

ಆದರೂ ನ್ಯಾಯವಾಗಿ ಒಂದು ಅವಕಾಶ ಕೊಡೋಣ ಎಂದುಕೊಂಡಳು. ಸಂಜೆ ಅವನು ಕೆಟಲ್ ಒಂದರ ತಳ ಬಿಚ್ಚುತ್ತಿದ್ದಾಗ ಎದುರು ನಿಂತು ಕೇಳಿದಳು.

"ನಾವು ಇಲ್ಲಿಗೆ ಅರ್ಜಿ ಹಾಕಿದ್ದು ಯಾವಾಗ?"

ಸ್ಕ್ರೂಡ್ರೈವರ್ ಜಾರಿತು. ಅವನು ತಲೆ ಎತ್ತಲಿಲ್ಲ.

"ನಾವಿಬ್ಬರೂ ಮಾತಾಡಿದ ಮೇಲೆ ಅಲ್ವಾ... ಯಾಕೆ ಸಿಸ್ಟರ್?"

"ಏನಿಲ್ಲ."

ಶನಿವಾರ ಚಹಾ ಆಯಿತು, ಪ್ರಾರ್ಥನೆ ಆಯಿತು. ಹೇಳಬೇಕೆಂದಿದ್ದ ಮಾತನ್ನು ಅವಳು ಹೇಳಲಿಲ್ಲ. ಸೋಮವಾರದಿಂದ ಅವಳು ಗಂಡನನ್ನು 'ಬ್ರದರ್' ಎಂದು ಕರೆಯತೊಡಗಿದಳು.

"ಬ್ರದರ್, ಊಟಕ್ಕೆ ಬನ್ನಿ."

"ಬ್ರದರ್, ನಿಮ್ಮ ಅಮ್ಮನ ಫೋನು."

ಫೋನಿನ ಆ ತುದಿಯಲ್ಲಿದ್ದ ಅತ್ತೆ, "ಯಾರಮ್ಮ ಅದು ಬ್ರದರ್, ಮನೆಗೆ ಯಾರಾದರೂ ಬಂದಿದ್ದಾರಾ?" ಎಂದು ಕೇಳಿದರು. ಅವಳು ಅತ್ತೆಯ ಜೊತೆ ನಕ್ಕಳು. ವಿದ್ಯಾರ್ಥಿಗಳ ಜೊತೆ ನಕ್ಕಳು. ಅವನ ಜೊತೆ ಮಾತ್ರ ನಗಲಿಲ್ಲ.

ಅವನು ಗಂಜಿ ಮಾಡಿಕೊಟ್ಟ, ಬೇಡವೆಂದಳು. ಅವಳ ಮಂಚದ ಪಕ್ಕ ಹೊಸ ದೀಪ ಹಾಕಿಕೊಟ್ಟ, ಥ್ಯಾಂಕ್ಸ್ ಬ್ರದರ್ ಎಂದಳು. ಕೆಲಸದಲ್ಲಿ ಮಾತ್ರ ಒಂದು ಕೂದಲೆಳೆಯಷ್ಟೂ ಕೊರತೆಯಿಲ್ಲ. ಹೀಗೆ ಏಳು ವಾರ ಕಳೆಯಿತು.

* * *

ಸೇವೆಗೆ ಬಂದವರ ಎಂಟನೇ ತಿಂಗಳು ಮುಗಿಯುವಾಗ ಸಂಘದಲ್ಲಿ ಒಂದು ಪದ್ಧತಿಯಿದೆ. ಗಂಡನನ್ನು ಒಂದು ಕೋಣೆಯಲ್ಲಿ, ಹೆಂಡತಿಯನ್ನು ಇನ್ನೊಂದು ಕೋಣೆಯಲ್ಲಿ ಕೂರಿಸಿ ಒಂದೊಂದು ಹಾಳೆ ಕೊಡುತ್ತಾರೆ. ಒಂದೇ ಪ್ರಶ್ನೆ. ಮುಂದೆಯೂ ಇಲ್ಲಿ ಇರುತ್ತೀರಾ? ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡುವಂತಿಲ್ಲ. ಇಬ್ಬರಲ್ಲಿ ಒಬ್ಬರು ಬೇಡ ಎಂದರೂ ಸಾಕು, ಕಾರಣ ಕೇಳದೆ ಇಬ್ಬರನ್ನೂ ಮರ್ಯಾದೆಯಿಂದ ಊರಿಗೆ ಕಳಿಸುತ್ತಾರೆ. ಸಂಗಾತಿಯ ಸೇವೆಯ ಹಂಬಲಕ್ಕೆ ಯಾರೂ ಬಾಯಿಮುಚ್ಚಿಕೊಂಡು ನವೆಯಬಾರದು ಎಂದು ದೊಡ್ಡಮ್ಮನೇ ಮಾಡಿದ ನಿಯಮ.

ಅವಳು ಪೆನ್ನು ಹಿಡಿದು ಎರಡು ನಿಮಿಷ ಯೋಚಿಸಿದಳು. ಗಂಡನ ಮೇಲೆ ಕೋಪವಿತ್ತು, ಕೆಲಸದ ಮೇಲೆ ಇರಲಿಲ್ಲ. ಅವನು ಬೇರೆ ಏನಕ್ಕೋ ಕರೆತಂದಿರಬಹುದು, ಆದರೆ ಈ ಕಪಾಟು, ಈ ಚಹಾ, ಬಾಗಿಲಲ್ಲಿ ಅನುಮಾನಿಸುತ್ತಾ ನಿಲ್ಲುವ ಈ ಮುಖಗಳು ಈಗ ಅವಳವೇ ಆಗಿದ್ದವು. 'ಇರುತ್ತೇನೆ' ಎಂದು ಬರೆದು ಸಹಿ ಹಾಕಿದಳು.

ಮರುದಿನ ಬೆಳಿಗ್ಗೆ ದೊಡ್ಡಮ್ಮ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡರು.

"ಒಂದು ಕಾಗದದಲ್ಲಿ ಬೇಡ ಅಂತಿದೆ. ಯಾರದ್ದು ಅಂತ ನಾನು ಹೇಳಲ್ಲ, ನೀವೂ ಕೇಳಬೇಡಿ. ತಿಂಗಳ ಕೊನೆಗೆ ಹೊರಡಿ. ಒಳ್ಳೇ ಕೆಲಸ ಮಾಡಿದ್ರಿ ಮಕ್ಕಳೇ."

ಇರುವುದೇ ಎರಡು ಕಾಗದ. ಈ ಗುಟ್ಟು ಎಷ್ಟು ಹೊತ್ತು ಗುಟ್ಟಾಗಿರಬೇಕು?

ಅವಳು ಗಂಡನ ಕಡೆ ತಿರುಗಿದಳು. ಅವನು ಅವಳನ್ನೇ ನೋಡುತ್ತಿದ್ದ. ಇನ್ನಾದರೂ ನಿಮಗೆ ನೆಮ್ಮದಿಯಾಗಲಿ ಎನ್ನುವಂಥ ಸೋತ ನಗು ಅವನ ಮುಖದಲ್ಲಿತ್ತು.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಎದ್ದು ಕಪಾಟಿನ ಕೋಣೆಗೆ ನಡೆದಳು. ಅವನು ಹಿಂದೆಯೇ ಬಂದ. ಬಾಗಿಲು ಹಾಕಿ ಅವಳು ತಿರುಗಿ ನಿಂತಳು.

"ಯಾಕೆ ಬೇಡ ಅಂತ ಬರೆದ್ರಿ?"

"ಕೇಳಬೇಡಿ ಅಂದ್ರಲ್ಲ ದೊಡ್ಡಮ್ಮ..."

"ನಾನು ಮದುವೆ ಆಗಿದ್ದು ದೊಡ್ಡಮ್ಮನನ್ನಲ್ಲ. ಹೇಳಿ."

ಅವನು ಬೆಂಚಿನ ಮೇಲಿದ್ದ ಒಂದು ಪ್ಲಗ್ಗನ್ನು ಕೈಯಲ್ಲಿ ತಿರುವುತ್ತಾ ನಿಂತ.

"ನೀವು ನನ್ನ ಹತ್ರ ನಕ್ಕು ಏಳು ವಾರ ಆಯ್ತು. ಊರು ನೆನಪಾಗ್ತಿದೆ, ಇಲ್ಲಿ ಇರೋಕೆ ಆಗ್ತಿಲ್ಲ, ನನಗೆ ಬೇಜಾರಾಗುತ್ತೆ ಅಂತ ಬಾಯಿ ಬಿಡ್ತಿಲ್ಲ ಅಂದುಕೊಂಡೆ. ನಾನು ಆಸೆಪಟ್ಟಿದ್ದಕ್ಕೆ ನೀವು ಇಲ್ಲಿ ಸಿಕ್ಕಿಹಾಕಿಕೊಂಡ್ರಿ. ಅದಕ್ಕೇ..."

"ಅದಕ್ಕೇ ನನ್ನ ಪರವಾಗಿ ನೀವೇ ಬೇಡ ಅಂದುಬಿಟ್ರಿ."

"ನಿಮಗೆ ಒಳ್ಳೇದಾಗಲಿ ಅಂತ."

"ನಾನು ಇರ್ತೀನಿ ಅಂತ ಬರೆದಿದ್ದು ನಿಮಗೋಸ್ಕರ ಅಲ್ಲ, ನನಗೋಸ್ಕರ."

ಪ್ಲಗ್ ಕೆಳಗೆ ಬಿತ್ತು.

ಅವಳು ಕೈಚೀಲದಿಂದ ಮಡಿಸಿದ ನಕಲನ್ನು ತೆಗೆದು ಬೆಂಚಿನ ಮೇಲೆ ಹರಡಿದಳು. ತಾರೀಖಿನ ಮೇಲೆ ಬೆರಳಿಟ್ಟಳು. ಆಮೇಲೆ ಆ ಪೆನ್ಸಿಲ್ ಸಾಲಿನ ಮೇಲೆ.

ಅವನು ಬಗ್ಗಿ ನೋಡಿದ. ಕಿವಿಯವರೆಗೂ ಕೆಂಪಾದ. ತಪ್ಪಿಸಿಕೊಳ್ಳುವ ಮಾತು ಏನಾದರೂ ಹೇಳುತ್ತಾನೆ ಎಂದು ಅವಳು ಕಾದಳು. ಅವನು ಸ್ಟೂಲಿನ ಮೇಲೆ ಕುಸಿದು ಕೂತ.

"ನಿಜ. ಒಂಟಿ ಇರೋರನ್ನ ಸಂಘದವರು ತಗೊಳ್ಳಲ್ಲ. ಹೇಗೂ ಮದುವೆ ಆಗಬೇಕಲ್ಲ, ಹುಡುಗಿ ಸಿಕ್ಕೇ ಸಿಗ್ತಾಳೆ ಅಂತ ಮೊದಲೇ ಹಾಕಿಬಿಟ್ಟೆ. ಆ ದಿನ ಚರ್ಚಿಗೆ ಬಂದಾಗ ನಾನು ಹುಡುಕ್ತಿದ್ದಿದ್ದು ಈ ಜಾಗಕ್ಕೆ ಸರಿಹೋಗೋ ಒಬ್ಬ ಹೆಂಡತಿ. ಅದರಲ್ಲಿ ಸುಳ್ಳಿಲ್ಲ."

"ಮತ್ತೆ ಅವತ್ತು 'ಯೋಚನೆ ಇದೆ' ಅಂದಿದ್ದು? ಏಳು ವಾರದ ಹಿಂದೆ ನಾನು ಕೇಳಿದಾಗ ಹೇಳಿದ್ದು?"

"ಅವೆರಡೂ ಸುಳ್ಳು."

ಏಳು ವಾರದಿಂದ ಅವಳು ಕಾಯುತ್ತಿದ್ದದ್ದು ಈ ಒಂದು ಮಾತಿಗೆ. ಬಂದಾಗ ಮಾತ್ರ ಕಣ್ಣು ತುಂಬಿಕೊಂಡಿತು.

"ಮೊದಲ ದಿನವೇ ಹೇಳಬಹುದಿತ್ತಲ್ಲ?"

"ನೀವು ಎದ್ದು ಹೋಗ್ತಿದ್ರಿ."

"ಹೋಗ್ತಿದ್ದೆ. ಬಾಗಿಲವರೆಗೂ ಹೋಗಿ ಇನ್ನೊಂದು ಪ್ರಶ್ನೆ ಕೇಳೋಕೆ ವಾಪಸ್ ಬರ್ತಿದ್ದೆನೋ ಏನೋ. ಅದನ್ನ ನಿರ್ಧಾರ ಮಾಡಬೇಕಾದವಳು ನಾನು. ಬರೋವಾಗಲೂ ನನ್ನ ಕೇಳಲಿಲ್ಲ, ಹೋಗೋವಾಗಲೂ ನನ್ನ ಕೇಳಲಿಲ್ಲ. ಫ್ಯಾನ್ ನಿಲ್ಲೋವರೆಗೂ ಕಾಯೋ ಮನುಷ್ಯನೇ ಅಲ್ಲ ನೀವು."

ಅವಳು ಬಾಗಿಲು ತೆಗೆದು ಹೊರಟೇಹೋದಳು. ಹೊರಗೆ ಇಸ್ತ್ರಿಪೆಟ್ಟಿಗೆ ಹಿಡಿದು ನಿಂತಿದ್ದ ಕನ್ನಡಕದ ಹುಡುಗಿ ಬದಿಗೆ ಸರಿದು ದಾರಿಬಿಟ್ಟಳು. ಅವಳಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಎಲ್ಲ ಅರ್ಥವಾದ ಮುಖ ಮಾಡಿಕೊಂಡು ಒಳಗೆ ಹೋಗಿ, ಇಸ್ತ್ರಿಪೆಟ್ಟಿಗೆ ಇಟ್ಟು, ಅವನ ಹೆಗಲು ತಟ್ಟಿ ಹೋದಳು.

* * *

ಗ್ರಂಥಾಲಯದ ಮುಂದಿನ ಹುಲ್ಲುಹಾಸನ್ನು ಅವಳು ಎಷ್ಟು ಸುತ್ತು ಹಾಕಿದಳೋ. ಮೊದಲ ಎರಡು ಸುತ್ತು ಬರೀ ಕೋಪ. ಮೂರನೆಯದರಲ್ಲಿ ಕಾಲು ನಿಧಾನವಾಯಿತು.

ಯಾವ ಜಾಗಕ್ಕಾಗಿ ತನ್ನನ್ನು ಮದುವೆಯಾದ ಎಂದು ಏಳು ವಾರ ಕುದ್ದಳೋ, ಆ ಜಾಗವನ್ನು ಅವನು ಬಿಟ್ಟುಕೊಟ್ಟಿದ್ದ. ಯಾರೂ ಬಲವಂತ ಮಾಡದೆ, ಯಾರಿಗೂ ಹೇಳದೆ. ಅವಳು ಮತ್ತೆ ನಗಲಿ ಎಂದು. ಅಷ್ಟಕ್ಕೇ.

'ಇವನಿಗೆ ಜಾಗ ದೊಡ್ಡದಾ, ನಾನು ದೊಡ್ಡವಳಾ ಅಂತ ತಾನೇ ನನ್ನ ಸಂಕಟ? ಉತ್ತರ ಬರೆದುಕೊಟ್ಟಿದ್ದಾನಲ್ಲ. ಬರೆಯೋ ರೀತಿ ಮಾತ್ರ ಪೆದ್ದು.'

ತಾನೂ ಕಮ್ಮಿಯೇನಲ್ಲ ಎನಿಸಿತು. ಕಾಗದವನ್ನು ಚೀಲದಲ್ಲಿ ಬಚ್ಚಿಟ್ಟುಕೊಂಡು, ಉತ್ತರ ಗೊತ್ತಿದ್ದೂ ಪ್ರಶ್ನೆ ಕೇಳಿದವಳು ತಾನು. ಅದು ಕೇಳುವುದಲ್ಲ, ಪರೀಕ್ಷೆ ಇಡುವುದು. ಅವನು ಫೇಲಾದ. ಆಮೇಲೆ ಏಳು ವಾರ ಮೌನದ ಶಿಕ್ಷೆ. ಆ ಶುಕ್ರವಾರವೇ ಹಾಳೆಯನ್ನು ಎದುರಿಗೆ ಹಿಡಿದು ಇದೇನು ಎಂದು ಕೇಳಿದ್ದರೆ ಒಂದು ದೊಡ್ಡ ಜಗಳವಾಗಿ ಮುಗಿದುಹೋಗುತ್ತಿತ್ತು.

ಸರಿ, ಈಗೇನು? ಅಳುತ್ತಾ ಪೆಟ್ಟಿಗೆ ಕಟ್ಟುವುದಾ?

ಅವಳು ಮುಖ ಒರೆಸಿಕೊಂಡು ನೆಟ್ಟಗೆ ದೊಡ್ಡಮ್ಮನ ಕಚೇರಿಗೆ ಹೋದಳು.

"ಬಂದೆಯಾ? ಬರ್ತೀಯ ಅಂತ ಗೊತ್ತಿತ್ತು," ಎಂದರು ದೊಡ್ಡಮ್ಮ. "ಆದರೆ ಒಮ್ಮೆ ಬೇಡ ಅಂತ ಬರೆದ ಮೇಲೆ ಬೇಡವೇ. ನಿಯಮ ಕಣಮ್ಮ."

"ನಿಯಮ ಇರಲಿ ದೊಡ್ಡಮ್ಮ. ಆ ದಂಪತಿಯ ಕಥೆ ಮುಗೀತು. ಈಗ ಜಾಗ ಖಾಲಿ ಆಯ್ತಲ್ವಾ?"

"ಆಯ್ತು."

"ಹಾಗಾದ್ರೆ ಒಂದು ಹೊಸ ಅರ್ಜಿ ಕೊಡಿ. ನಾನು ಹಾಕ್ತೀನಿ."

ದೊಡ್ಡಮ್ಮ ಕನ್ನಡಕ ಮೂಗಿನ ತುದಿಗೆ ಇಳಿಸಿ ಅವಳನ್ನು ನೋಡಿದರು. ಆಮೇಲೆ ಮೇಜಿನ ಡ್ರಾಯರ್ ತೆಗೆದು ಒಂದು ಫಾರಂ ಹೊರತೆಗೆದರು.

"ಒಂಟಿ ಹೆಂಗಸಿಗೆ ಈ ಜಾಗ ಕೊಡಲ್ಲ, ಗೊತ್ತು ತಾನೇ? ಗಂಡ ಯಾರು ಅಂತ ಬರೀಲಿ?"

"ಆಮೇಲೆ ತಿಳಿಸಲಾಗುವುದು," ಎಂದಳು ಅವಳು.

ಸಂಘದ ಆ ಹಳೆಯ ಕಚೇರಿಯಲ್ಲಿ ದೊಡ್ಡಮ್ಮ ಅಷ್ಟು ಜೋರಾಗಿ ನಕ್ಕಿದ್ದನ್ನು ಯಾರೂ ಕೇಳಿರಲಿಲ್ಲ.

* * *

ಭಾನುವಾರದ ಆರಾಧನೆ ಮುಗಿಸಿ ಅವಳು ಕಪಾಟಿನ ಕೋಣೆಗೆ ಬಂದಾಗ ಅವನು ಬೆಂಚಿನ ಮುಂದೆ ಕೂತಿದ್ದ. ಎರಡು ದಿನದಿಂದ ಅವರ ನಡುವೆ ಮಾತಿರಲಿಲ್ಲ. ಕಪಾಟಿನ ಕರೆಂಟಿನ ಸಾಮಾನೆಲ್ಲ ಕೆಳಗಿಳಿದು ಸಾಲಾಗಿ ನಿಂತಿದ್ದವು. ಬಿಟ್ಟುಹೋಗುವ ಮುಂಚೆ ಒಂದೊಂದನ್ನೂ ಮತ್ತೊಮ್ಮೆ ಪರೀಕ್ಷಿಸುತ್ತಿದ್ದ.

ಅವಳು ಫಾರಂ ಅನ್ನು ಅವನ ಮುಂದಿಟ್ಟಳು.

ಅರ್ಜಿದಾರರ ಹೆಸರು ಎಂಬಲ್ಲಿ ಅವಳ ಹೆಸರಿತ್ತು. ವಿದ್ಯೆ, ವಯಸ್ಸು, ಯಾಕೆ ಬರುತ್ತೀರಿ ಎಂಬುದಕ್ಕೆ ಪೂರ್ತಿ ಅರ್ಧ ಪುಟ. ಕೆಳಗೆ 'ಪತಿಯ ಹೆಸರು' ಎಂಬ ಸಾಲಿನ ಮುಂದೆ ಪೆನ್ಸಿಲಿನಲ್ಲಿ ಸಣ್ಣಗೆ ಬರೆದಿತ್ತು... 'ಆಮೇಲೆ ತಿಳಿಸಲಾಗುವುದು.'

ಅವನು ಓದಿದ. ಇನ್ನೊಮ್ಮೆ ಓದಿದ. ಅವನ ಕೈ ತಟ್ಟನೆ ಜೇಬಿನ ಪೆನ್ನಿಗೆ ಹೋಯಿತು.

"ಅವಸರ ಮಾಡಬೇಡಿ," ಎಂದಳು.

ಅವನ ಕೈ ಅಲ್ಲೇ ನಿಂತಿತು. ಪೆನ್ನನ್ನು ಹೊರತೆಗೆದು, ಬರೆಯದೆ, ಫಾರಂ ಪಕ್ಕದಲ್ಲಿ ಇಟ್ಟ. ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತ. ಕೋಣೆಯಲ್ಲಿ ಒಂದು ಕೆಟಲ್ ಮಾತ್ರ ಸುಂಯ್ ಎನ್ನುತ್ತಾ ನೀರು ಕಾಯಿಸುತ್ತಿತ್ತು. ಅದು ಕುದ್ದು, ತಾನಾಗಿ ಟಕ್ ಎಂದು ಆರುವವರೆಗೂ ಅವನು ಮಾತಾಡಲಿಲ್ಲ.

"ಬರೆಯೋಕೆ ಮುಂಚೆ ಒಂದು ಕೇಳಬೇಕು," ಎಂದ.

"ಕೇಳಿ."

"ಮೊದಲೇ ಕೇಳಬೇಕಾಗಿತ್ತು. ಆ ಚರ್ಚಿನ ಕೋಣೆಯಲ್ಲೇ."

"ಈಗ ಕೇಳಿ."

ಅವನು ತಲೆ ಎತ್ತಿ ಅವಳನ್ನು ನೋಡಿದ.

"ನೀನು... ನನ್ನ ಜೊತೆ ಇರ್ತೀಯಾ?"

ನೀನು ಎಂದ. ಸಿಸ್ಟರ್ ಎನ್ನಲಿಲ್ಲ. ಆದರೂ ಅಷ್ಟು ಸುಲಭವಾಗಿ ಬಿಟ್ಟುಕೊಡುವವಳಲ್ಲ ಅವಳು.

"ಈ ಜಾಗಕ್ಕೋಸ್ಕರ ಕೇಳ್ತಿದ್ದೀರಾ?"

"ಇಲ್ಲ. ಇಲ್ಲಿ ಅಂತ ಹೇಳಲೇ ಇಲ್ಲ ನಾನು. ಜಾಗ ಸಿಗದಿದ್ರೂ ಕೇಳ್ತಿದ್ದೆ. ವಾಪಸ್ ಹೋಗೋ ವಿಮಾನದಲ್ಲಿ ಹೇಗೆ ಕೇಳಲಿ ಅಂತ ಎರಡು ದಿನದಿಂದ ಅದೇ ಯೋಚನೆ. ಆಸ್ಪತ್ರೆಯಲ್ಲಿ ಆ ಹುಡುಗಿ ಪಕ್ಕ ನೀನು ಕೂತಿದ್ದೆಯಲ್ಲ, ಮೂರು ದಿನ... ಅವತ್ತೇ ಗೊತ್ತಾಗಿತ್ತು. ನಾನು ಜಾಗಕ್ಕೆ ಹೆಂಡತಿ ಹುಡುಕಿದೆ. ನನಗೆ ನೀ ಸಿಕ್ಕೆ."

"ನನಗೂ ಅವತ್ತೇ ಗೊತ್ತಾಯ್ತು," ಎಂದಳು ಅವಳು. ಅವಳ ದನಿ ಒಡೆಯಿತು. "ನೀವು ಹೆಡ್ ನರ್ಸ್ ಹತ್ರ ಬೈಸ್ಕೊಳ್ತಾ ಇದ್ರಲ್ಲ, ಆವಾಗ. ಶನಿವಾರ ಹೇಳೋಣ ಅಂತಿದ್ದೆ. ಶುಕ್ರವಾರ ಆ ಫೈಲು ಕೈಗೆ ಬಂತು. ಅವತ್ತೇ ಜಗಳ ಆಡಬೇಕಿತ್ತು ನಾನು. ಆಡಲಿಲ್ಲ, ಅದು ನನ್ನ ತಪ್ಪು."

"ಇನ್ನು ಮುಂದೆ ಆಡು."

"ಆಡ್ತೀನಿ. ನೀವೂ ಇನ್ನು ನನ್ನ ಕೇಳದೆ ಒಂದು ಬಲ್ಬು ಕೂಡ ಬದಲಾಯಿಸಬೇಡಿ."

ಅವನು ನಕ್ಕ. ಅವಳೂ ನಕ್ಕಳು. ಏಳು ವಾರದ ಮೇಲೆ ಅವನ ಎದುರಿಗೇ, ಅವನಿಗಾಗಿಯೇ.

"ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ," ಎಂದ.

"ಈ ಜಾಗಕ್ಕೆ ಒಬ್ಬ ಗಂಡ ಬೇಕು. ಯಾರಾದರೂ ನಡೆಯುತ್ತೆ." ಅವಳು ಸ್ಟೂಲ್ ಎಳೆದುಕೊಂಡು ಅವನ ಪಕ್ಕ ಕೂತಳು. "ನನಗೆ ಮಾತ್ರ ನೀವೇ ಬೇಕು. ಇರ್ತೀನಿ. ಈಗ ಬರೀರಿ."

ಅವನು ರಬ್ಬರು ಹುಡುಕಿ ಪೆನ್ಸಿಲ್ ಸಾಲನ್ನು ಅಳಿಸಿದ. ಪೆನ್ನು ತೆಗೆದುಕೊಂಡು ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ತನ್ನ ಹೆಸರು ಬರೆಯತೊಡಗಿದ. ಅವಳು ಬಗ್ಗಿ ನೋಡಿದಳು.

"ಏನು ಮೇಷ್ಟ್ರೇ, ಅಕ್ಷರ ಇಷ್ಟು ಸೊಟ್ಟ?"

"ಕೈ ನಡುಗ್ತಿದೆ ಕಣೇ."

ಅವಳು ಅವನ ಕೈಯಿಂದ ಪೆನ್ನು ತೆಗೆದಿಟ್ಟು ಅಂಗೈಯನ್ನು ತಿರುಗಿಸಿ ನೋಡಿದಳು. ಐದು ಹೊಲಿಗೆಯ ಗುರುತು ತೆಳ್ಳಗೆ ಉಳಿದಿತ್ತು. ಅದರ ಮೇಲೆ ತನ್ನ ಕೈ ಇಟ್ಟು ಹಿಡಿದುಕೊಂಡಳು.

"ನಡುಕ ನಿಲ್ಲಲಿ, ಆಮೇಲೆ ಬರೆದರಾಯ್ತು. ನನಗೇನೂ ಅವಸರ ಇಲ್ಲ."

"ನೀನು ಹೀಗೆ ಹಿಡ್ಕೊಂಡ್ರೆ ಅದು ನಿಲ್ಲಲ್ಲ."

"ಹಾಗಾದ್ರೆ ಕಾಯೋಣ," ಎಂದಳು. "ಇಬ್ಬರೂ ಸೇರಿ."